ಆನ್‌ಲೈನ್‌ನಲ್ಲಿ ಶೈಕ್ಷಣಿಕ ಮನೋವಿಜ್ಞಾನ ಓದುವುದು ಹೇಗೆ: ಹೆಸರು ನೋಂದಾಯಿಸುವುದರಿಂದ ಪರೀಕ್ಷೆ ಹಾಲ್‌ವರೆಗೆ

"ಮೇಡಂ, ಒಂದು ವಿಡಿಯೋನೂ ಬಿಡದೆ ನೋಡಿದ್ದೆ. ಆದ್ರೂ ಪರೀಕ್ಷೆ ಹೋಯ್ತು."

ಪ್ರತಿ ಸೆಮಿಸ್ಟರ್ ಮುಗಿದಾಗಲೂ ಇಂಥ ನಾಲ್ಕೈದು ಮೆಸೇಜ್ ಬರುತ್ತವೆ. ಕಳಿಸುವವರಲ್ಲಿ ಬಿ.ಎಡ್ ಓದುವವರಿದ್ದಾರೆ, ಟಿಇಟಿಗೆ (ಶಿಕ್ಷಕರ ಅರ್ಹತಾ ಪರೀಕ್ಷೆ) ತಯಾರಿ ನಡೆಸುವವರಿದ್ದಾರೆ, ಹತ್ತು ವರ್ಷದಿಂದ ಪಾಠ ಮಾಡುತ್ತಿರುವವರೂ ಇದ್ದಾರೆ. ಎಡವುವ ಜಾಗ ಮಾತ್ರ ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ. ನಾನೂ ಮೊದಲ ಸಲ ಅಲ್ಲೇ ಎಡವಿದವಳು. ಅದಕ್ಕೇ ಇಲ್ಲಿ ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನುವುದನ್ನೇ ಹೆಚ್ಚು ಹೇಳಿದ್ದೇನೆ.

ಉದಾಹರಣೆಗೆ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ ವೇದಿಕೆಯಾದ ಸ್ವಯಂ ಅನ್ನು ತೆಗೆದುಕೊಂಡಿದ್ದೇನೆ. ನಮ್ಮಲ್ಲಿ ಹೆಚ್ಚಿನವರು ಸೇರುವುದು ಅಲ್ಲಿಗೇ. ಪಾಠ ಪೂರ್ತಿ ಉಚಿತ, ಪರೀಕ್ಷೆಗೆ ಮಾತ್ರ ಶುಲ್ಕ. ಬೇರೆ ಕಡೆ ಸೇರಿದ್ದರೂ 4ನೇ ಹಂತದಿಂದ ಮುಂದಿನದು ಬಹುಪಾಲು ಹಾಗೇ ಅನ್ವಯಿಸುತ್ತದೆ.

## ಹಂತ 1: ಯಾಕೆ ಓದುತ್ತಿದ್ದೀರಿ ಎಂದು ಒಂದು ಸಾಲಿನಲ್ಲಿ ಬರೆಯಿರಿ

ಸುಮ್ನೆ ಹೇಳುವ ಮಾತಲ್ಲ ಇದು. ನಿಮ್ಮ ಉತ್ತರ ಯಾವುದು ಅನ್ನುವುದರ ಮೇಲೆ ಮುಂದಿನ ಎಲ್ಲ ಕೆಲಸ ಬದಲಾಗುತ್ತದೆ.

ಕಾಲೇಜಿನ ಕ್ರೆಡಿಟ್‌ಗಾಗಿ ಓದುವವರು ಮೊದಲು ಕಾಲೇಜಿಗೆ ಹೋಗಬೇಕು, ವೆಬ್‌ಸೈಟಿಗಲ್ಲ. 2021ರ ಯುಜಿಸಿ ನಿಯಮದ ಪ್ರಕಾರ ಒಂದು ಸೆಮಿಸ್ಟರ್‌ನ ಕೋರ್ಸ್‌ಗಳಲ್ಲಿ ಶೇ. 40ರವರೆಗೆ ಸ್ವಯಂನಿಂದ ಪಡೆಯಲು ಅವಕಾಶ ಕೊಡಬಹುದು. ಅವಕಾಶ ಇದೆ ಎಂದ ಮಾತ್ರಕ್ಕೆ ನಿಮ್ಮ ಕಾಲೇಜು ಕೊಟ್ಟೇ ಕೊಡುತ್ತದೆ ಎಂದಲ್ಲ. ಕೋರ್ಸಿನ ಹೆಸರು, ವಾರಗಳ ಸಂಖ್ಯೆ, ಕ್ರೆಡಿಟ್ ಬರೆದು ಒಂದು ಅರ್ಜಿ ಕೊಡಿ. ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ. ನನ್ನ ಪರಿಚಯದ ಹುಡುಗಿಯೊಬ್ಬಳಿಗೆ ಅವಳ ಕಾಲೇಜಿನವರು "ಮಾಡಮ್ಮ, ನೋಡೋಣ" ಎಂದಿದ್ದರು. ಅವಳು ಪಾಸಾಗಿ ಬಂದ ಮೇಲೆ ಸಿಲಬಸ್ ಹೊಂದುವುದಿಲ್ಲ ಎಂದರು. ಮೂರು ತಿಂಗಳು ಓದಿದ್ದು ಜ್ಞಾನಕ್ಕಾಯಿತು, ಅಂಕಪಟ್ಟಿಗೆ ಆಗಲಿಲ್ಲ.

ಟಿಇಟಿಗಾಗಿ ಓದುವವರ ಲೆಕ್ಕ ಬೇರೆ. ಅಲ್ಲಿ 150 ಅಂಕಗಳಲ್ಲಿ 30 ಅಂಕ ಶಿಶು ವಿಕಾಸ ಮತ್ತು ಬೋಧನಾ ಶಾಸ್ತ್ರಕ್ಕೆ. ನಿಮಗೆ ಕೋರ್ಸಿನ ಸರ್ಟಿಫಿಕೇಟ್ ಬೇಕಾಗಿಲ್ಲ. ಪರೀಕ್ಷೆ ಶುಲ್ಕ ಕಟ್ಟದೆ ಪಾಠ, ಅಸೈನ್‌ಮೆಂಟ್ ಎರಡನ್ನೂ ಬಳಸಿಕೊಳ್ಳಬಹುದು.

ಪಾಠ ಮಾಡುವ ಕೆಲಸಕ್ಕೇ ಉಪಯೋಗವಾಗಲಿ ಎಂದು ಓದುವವರು 6 ಮತ್ತು 7ನೇ ಹಂತದಲ್ಲಿ ಜಾಸ್ತಿ ಹೊತ್ತು ಕೂರಿ.

ಎಚ್ಚರ: ಈ ಸರ್ಟಿಫಿಕೇಟ್ ಬಿ.ಎಡ್‌ಗೂ ಸಮವಲ್ಲ, ಟಿಇಟಿಗೂ ಸಮವಲ್ಲ. "ಮನೆಯಲ್ಲೇ ಕೂತು ಪೂರ್ತಿ ಆನ್‌ಲೈನ್ ಬಿ.ಎಡ್" ಎಂದು ಯಾರಾದರೂ ಫೋನ್ ಮಾಡಿದರೆ ದುಡ್ಡು ಕಟ್ಟಬೇಡಿ. ಬಿ.ಎಡ್‌ಗೆ ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಮಂಡಳಿ) ಮಾನ್ಯತೆ ಬೇಕು. ಶಾಲೆಗೆ ಹೋಗಿ ಪಾಠ ಮಾಡದೆ ಆ ಪದವಿ ಮುಗಿಯುವುದಿಲ್ಲ.

## ಹಂತ 2: ಹೆಸರು ನೋಡಿ ಸೇರಬೇಡಿ, ವಾರದ ಪಟ್ಟಿ ನೋಡಿ ಸೇರಿ

ಶೈಕ್ಷಣಿಕ ಮನೋವಿಜ್ಞಾನ, ಕಲಿಕೆಯ ಮನೋವಿಜ್ಞಾನ, ಶಿಶು ವಿಕಾಸ. ಕೇಳಲು ಒಂದೇ ಥರ ಇರುವ ಈ ಹೆಸರುಗಳ ಒಳಗೆ ಬೇರೆ ಬೇರೆ ಸರಕಿರುತ್ತದೆ. ಕೋರ್ಸ್ ಪುಟದಲ್ಲಿ ವಾರವಾರದ ವಿಷಯಪಟ್ಟಿ ಕೊಟ್ಟಿರುತ್ತಾರೆ. ಅದನ್ನು ನಿಮ್ಮ ಸಿಲಬಸ್ ಪಕ್ಕದಲ್ಲಿಟ್ಟು ಟಿಕ್ ಹಾಕುತ್ತಾ ಹೋಗಿ. ವಿಕಾಸದ ಹಂತಗಳು, ಕಲಿಕಾ ಸಿದ್ಧಾಂತಗಳು, ನೆನಪು ಮತ್ತು ಮರೆವು, ಅಭಿಪ್ರೇರಣೆ, ಬುದ್ಧಿಶಕ್ತಿ, ವೈಯಕ್ತಿಕ ಭಿನ್ನತೆ ಈ ಆರೂ ಇದ್ದರೆ ನಿಶ್ಚಿಂತೆಯಿಂದ ಸೇರಿ. ಪ್ರಾಣಿಗಳ ಮೇಲಿನ ಪ್ರಯೋಗಗಳೇ ಆರು ವಾರ ತುಂಬಿದ್ದರೆ ಅದು ಕಲಿಕೆಯ ಮನೋವಿಜ್ಞಾನದ ಕೋರ್ಸ್. ಒಳ್ಳೆಯದೇ, ಆದರೆ ನಿಮಗೆ ಬೇಕಾದದ್ದು ಅದಲ್ಲದಿರಬಹುದು.

ಸೇರುವ ಮೊದಲು ಒಂದು ವಿಡಿಯೋ ಪೂರ್ತಿ ನೋಡಿ. ಮೇಷ್ಟ್ರ ಇಂಗ್ಲಿಷ್ ನಿಮ್ಮ ಕಿವಿಗೆ ಹತ್ತುತ್ತದೆಯೇ? ಹತ್ತದಿದ್ದರೆ ವೇಗವನ್ನು 0.75ಕ್ಕೆ ಇಳಿಸಿ ಇನ್ನೊಮ್ಮೆ ಕೇಳಿ. ಆಗಲೂ ಕಷ್ಟವಾದರೆ ಬೇರೆ ಕೋರ್ಸ್ ಹುಡುಕಿ. ಹನ್ನೆರಡು ವಾರ ಹಲ್ಲು ಕಚ್ಚಿಕೊಂಡು ಕೇಳಲು ಆಗುವುದಿಲ್ಲ.

ಅಂಕದ ಲೆಕ್ಕವನ್ನೂ ಈಗಲೇ ಓದಿಕೊಳ್ಳಿ. ಸ್ವಯಂ ಒಳಗೇ ಕೋರ್ಸ್ ನಡೆಸುವ ಸಂಸ್ಥೆಗಳು ಹಲವು ಇವೆ, ಒಂದೊಂದರ ನಿಯಮ ಒಂದೊಂದು. ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್‌ನಲ್ಲಿ ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75. ಉಳಿದ ಹಲವು ಕಡೆ 30 ಮತ್ತು 70. ಎನ್‌ಪಿಟಿಇಎಲ್‌ನಲ್ಲಿ 4 ವಾರದ ಕೋರ್ಸಿಗೆ 1 ಕ್ರೆಡಿಟ್, 8 ವಾರಕ್ಕೆ 2, 12 ವಾರಕ್ಕೆ 3.

## ಹಂತ 3: ನೋಂದಣಿ ಎರಡು ಸಲ ಆಗಬೇಕು

ಅತಿ ಹೆಚ್ಚು ಜನ ಸೋಲುವುದು ಇಲ್ಲೇ. ಓದಿ ಸೋತರೆ ಬೇಜಾರಿಲ್ಲ, ಒಂದು ಬಟನ್ ಒತ್ತದೆ ಸೋತರೆ ಹೊಟ್ಟೆ ಉರಿಯುತ್ತದೆ.

ಕೋರ್ಸಿಗೆ ಸೇರುವುದು ಒಂದು ನೋಂದಣಿ. ಪರೀಕ್ಷೆಗೆ ಹೆಸರು ಕೊಡುವುದು ಇನ್ನೊಂದು. ಕೋರ್ಸ್ ಶುರುವಾಗಿ ಕೆಲವು ವಾರಗಳಾದ ಮೇಲೆ ಪರೀಕ್ಷೆಯ ಫಾರ್ಮ್ ತೆರೆಯುತ್ತದೆ. ಅದನ್ನು ತುಂಬಿ, ಶುಲ್ಕ ಕಟ್ಟಿ, ಊರು ಆರಿಸಬೇಕು. ಕೋರ್ಸಿಗೆ ಸೇರಿದ್ದೇನಲ್ಲ, ಹಾಲ್ ಟಿಕೆಟ್ ತಾನಾಗಿಯೇ ಬರುತ್ತದೆ ಎಂದು ಕೂತವರಿಗೆ ಅದು ಬರುವುದಿಲ್ಲ.

ಕ್ರಮ ಹೀಗಿರಲಿ:

1. ದಿನವೂ ತೆರೆದು ನೋಡುವ ಇಮೇಲ್‌ನಿಂದಲೇ ಖಾತೆ ಮಾಡಿ. ಸೈಬರ್ ಸೆಂಟರ್‌ನವರ ಇಮೇಲ್ ಕೊಡಬೇಡಿ. ಎಲ್ಲ ಸೂಚನೆ ಬರುವುದು ಅಲ್ಲಿಗೇ.
2. ಹೆಸರನ್ನು ಆಧಾರ್‌ನಲ್ಲಿ ಇರುವಂತೆಯೇ ಬರೆಯಿರಿ. ಇನಿಷಿಯಲ್ ಮುಂದಿದೆಯೋ ಹಿಂದಿದೆಯೋ, ಅಪ್ಪನ ಹೆಸರು ಸೇರಿದೆಯೋ ಇಲ್ಲವೋ ನೋಡಿ. "ಲಕ್ಷ್ಮೀ" ಅನ್ನುವುದನ್ನು ಇಂಗ್ಲಿಷ್‌ನಲ್ಲಿ ನಾಲ್ಕು ಥರ ಬರೆಯಬಹುದು ಅಲ್ವಾ, ಆಮೇಲೆ ತಲೆನೋವು.
3. ಕ್ರೆಡಿಟ್ ಬೇಕಿದ್ದವರು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ (ನಿಮ್ಮ ಕ್ರೆಡಿಟ್‌ಗಳು ಜಮೆಯಾಗುವ ಸರ್ಕಾರಿ ಆನ್‌ಲೈನ್ ಖಾತೆ) ಐಡಿಯನ್ನು ಡಿಜಿಲಾಕರ್ ಮೂಲಕ ಮೊದಲೇ ಮಾಡಿಸಿಕೊಳ್ಳಿ.
4. ಪರೀಕ್ಷೆ ನೋಂದಣಿಯ ಕೊನೆಯ ದಿನಾಂಕವನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಿನಿಂದ ಬರೆಯಿರಿ. ಹಾಲಿನ ಲೆಕ್ಕ, ಗ್ಯಾಸ್ ಬುಕ್ ಮಾಡಿದ ತಾರೀಕು ಎಲ್ಲಾ ಇರುತ್ತದಲ್ಲ, ಅದೇ ಕ್ಯಾಲೆಂಡರ್. ಫೋನಿನ ರಿಮೈಂಡರ್ ಅನ್ನು ಬೆರಳಲ್ಲಿ ಸರಿಸಿ ಮರೆತುಬಿಡುತ್ತೇವೆ.
5. ಶುಲ್ಕ ಕಟ್ಟಿದ ಮೇಲೆ ರಸೀದಿ ಬಂತೇ ನೋಡಿ. ಖಾತೆಯಿಂದ ದುಡ್ಡು ಹೋಗಿ ಫಾರ್ಮ್ ಮಾತ್ರ ಅರ್ಧಕ್ಕೆ ನಿಂತ ಉದಾಹರಣೆ ಬೇಕಾದಷ್ಟಿವೆ.

ಪರೀಕ್ಷೆಯನ್ನು ಮನೆಯಲ್ಲಿ ಕೂತು ಬರೆಯುವಂತಿಲ್ಲ. ಗೊತ್ತುಪಡಿಸಿದ ಕೇಂದ್ರಕ್ಕೆ ಹೋಗಬೇಕು. ದೂರದ ಊರಿನವರು ಬೆಳಗಿನ ಮೊದಲ ಬಸ್ ಎಷ್ಟು ಹೊತ್ತಿಗೆ ಎಂದು ವಿಚಾರಿಸಿಕೊಂಡೇ ಕೇಂದ್ರದ ಊರು ಆರಿಸಿ.

## ಹಂತ 4: ಸಾಮಾನು ಹೊಂದಿಸಿಕೊಳ್ಳಿ

ಲ್ಯಾಪ್‌ಟಾಪ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಫೋನ್‌ನಲ್ಲಿ ವಿಡಿಯೋ ನೋಡಬಹುದು. ಅಸೈನ್‌ಮೆಂಟ್ ಹಾಕುವ ದಿನ ಮಾತ್ರ ನೆಟ್ ಸರಿಯಾಗಿರುವ ಕಡೆ ಕೂರಿ.

ಇವಿಷ್ಟು ಬೇಕೇ ಬೇಕು: 200 ಪುಟದ ಒಂದು ಲಾಂಗ್ ನೋಟ್‌ಬುಕ್, ಎರಡು ಬಣ್ಣದ ಪೆನ್ನು, ಮೂರು ಖಾಲಿ ಸ್ವೀಟ್ ಬಾಕ್ಸ್, ಒಂದಷ್ಟು ಹಳೆಯ ಲಗ್ನಪತ್ರಿಕೆ. ನಗಬೇಡಿ. ಲಗ್ನಪತ್ರಿಕೆಯ ಹಿಂಬದಿ ಖಾಲಿ ಇರುತ್ತದೆ, ಕಾಗದ ಗಟ್ಟಿ, ನಾಲ್ಕು ತುಂಡು ಮಾಡಿದರೆ ಚೆನ್ನಾದ ಕಾರ್ಡ್. ಅಂಗಡಿಯಲ್ಲಿ ಫ್ಲ್ಯಾಶ್ ಕಾರ್ಡ್ ಕೊಳ್ಳುವ ಅಗತ್ಯವೇ ಇಲ್ಲ.

ಕಾರ್ಡಿನ ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ. ಮೊದಲ ಬಾಕ್ಸ್‌ನದನ್ನು ದಿನವೂ ನೋಡಿ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ. ಸರಿ ಹೇಳಿದ ಕಾರ್ಡ್ ಮುಂದಿನ ಬಾಕ್ಸಿಗೆ ಹೋಗುತ್ತದೆ. ತಪ್ಪಿದ್ದು ಯಾವ ಬಾಕ್ಸ್‌ನಲ್ಲಿದ್ದರೂ ಮತ್ತೆ ಮೊದಲನೆಯದಕ್ಕೇ ವಾಪಸ್.

ನೋಟ್‌ಬುಕ್‌ನ ಕೊನೆಯ ಇಪ್ಪತ್ತು ಪುಟಗಳನ್ನು ಪದಗಳಿಗೆ ಮೀಸಲಿಡಿ. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡದ್ದು. ಬಿ.ಎಡ್ ಪುಸ್ತಕದಲ್ಲಿ "ಪುನರ್ಬಲನ" ಎಂದು ಓದಿದವರು ಪರದೆಯ ಮೇಲೆ ರೀಇನ್‌ಫೋರ್ಸ್‌ಮೆಂಟ್ ಕಂಡಾಗ ಹೊಸ ವಿಷಯ ಎಂದುಕೊಳ್ಳುತ್ತಾರೆ. ಎರಡೂ ಒಂದೇ. ಹಾಗೆಯೇ ಕಂಡೀಷನಿಂಗ್ ಎಂದರೆ ಅನುಬಂಧನ, ಮೋಟಿವೇಷನ್ ಎಂದರೆ ಅಭಿಪ್ರೇರಣೆ, ಟ್ರಾನ್ಸ್‌ಫರ್ ಆಫ್ ಲರ್ನಿಂಗ್ ಎಂದರೆ ಕಲಿಕೆಯ ವರ್ಗಾವಣೆ. ಕೋರ್ಸ್ ಇಂಗ್ಲಿಷ್‌ನಲ್ಲಿ, ನಿಮ್ಮ ಮುಂದಿನ ಪರೀಕ್ಷೆ ಕನ್ನಡದಲ್ಲಿ. ಹಾಗಿರುವಾಗ ಈ ಇಪ್ಪತ್ತು ಪುಟವೇ ಸೇತುವೆ.

## ಹಂತ 5: ವಾರವನ್ನು ಹೀಗೆ ಹಂಚಿಕೊಳ್ಳಿ

ಭಾನುವಾರ ಒಂದೇ ಸಲ ನಾಲ್ಕು ಗಂಟೆ ಕೂರುತ್ತೇನೆ ಎನ್ನುವವರು ಎರಡು ಭಾನುವಾರ ಕೂರುತ್ತಾರೆ. ಮೂರನೆಯದಕ್ಕೆ ಯಾರದೋ ಗೃಹಪ್ರವೇಶ ಇರುತ್ತದೆ.

ದಿನಕ್ಕೆ ನಲವತ್ತು ನಿಮಿಷ, ವಾರಕ್ಕೆ ಐದು ದಿನ ಸಾಕು. ಮೂರು ದಿನ ವಿಡಿಯೋ, ಒಂದು ದಿನ ಓದುವ ಸಾಮಗ್ರಿ ಮತ್ತು ಕಾರ್ಡ್, ಒಂದು ದಿನ ಅಸೈನ್‌ಮೆಂಟ್. ಆರನೆಯ ದಿನವನ್ನು ಖಾಲಿ ಬಿಡಿ. ತಪ್ಪಿಹೋದದ್ದಕ್ಕೆ ಆ ದಿನ. ಬಸ್ಸಿನಲ್ಲಿ ಓಡಾಡುವವರು ಆಗಲೇ ನೋಡಿದ ವಿಡಿಯೋವನ್ನು ದಾರಿಯಲ್ಲಿ ಮತ್ತೆ ಕೇಳಬಹುದು. ಹೊಸದನ್ನು ಬಸ್ಸಿನಲ್ಲಿ ಶುರು ಮಾಡಬೇಡಿ, ತಲೆಗೆ ಹೋಗುವುದಿಲ್ಲ.

ವಿಡಿಯೋ ನೋಡುವಾಗ ಬರೆಯಬೇಡಿ. ಹೌದು, ತಪ್ಪಿ ಹೇಳಿದ್ದಲ್ಲ. ಬರೆಯುತ್ತಾ ನೋಡಿದರೆ ಪರದೆ ಮೇಲಿನ ಸಾಲು ಪುಸ್ತಕಕ್ಕೆ ಇಳಿಯುತ್ತದೆ ಅಷ್ಟೇ, ಮಧ್ಯದಲ್ಲಿ ನೀವು ಇರುವುದಿಲ್ಲ. ಹತ್ತು ನಿಮಿಷ ನೋಡಿ, ನಿಲ್ಲಿಸಿ, ಫೋನ್ ಮಗುಚಿಡಿ. ಈಗ ನೆನಪಿದ್ದಷ್ಟನ್ನು ನೀಲಿ ಪೆನ್ನಿನಲ್ಲಿ ಬರೆಯಿರಿ. ಆಮೇಲೆ ವಿಡಿಯೋ ಹಿಂದಕ್ಕೆ ಓಡಿಸಿ, ಬಿಟ್ಟುಹೋದದ್ದನ್ನು ಕೆಂಪಿನಲ್ಲಿ ಸೇರಿಸಿ. ಮೊದಲ ವಾರ ಪುಟವೆಲ್ಲ ಕೆಂಪಾಗಿರುತ್ತದೆ. ಗಾಬರಿ ಬೇಡ. ಪರೀಕ್ಷೆ ಹತ್ತಿರ ಬಂದಾಗ ಕೆಂಪನ್ನು ಮಾತ್ರ ಓದಿದರೆ ಸಾಕು.

ಇದು ನನ್ನ ಮನೆಯ ಸೂತ್ರವಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನೋವಿಜ್ಞಾನಿಗಳು ವಿದ್ಯಾರ್ಥಿಗಳ ಮೇಲೆ ಇದನ್ನೇ ಪರೀಕ್ಷಿಸಿದರು. ಕೆಲವರು ಪಾಠವನ್ನು ಮತ್ತೆ ಮತ್ತೆ ಓದಿದರು, ಕೆಲವರು ಓದಿ ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ನೆನಪಿಸಿಕೊಂಡು ಬರೆದವರು ಮುಂದಿದ್ದರು. "ಎಲ್ಲಾ ನೋಡಿದ್ದೆ ಮೇಡಂ" ಎನ್ನುವವರ ಕಥೆ ಪೂರ್ತಿ ಇದರಲ್ಲೇ ಇದೆ. ನೋಡಿ ಮುಗಿಸಿದ ಹೊತ್ತಿಗೆ ಎಲ್ಲಾ ಗೊತ್ತು ಅನಿಸುತ್ತದೆ. ಪರೀಕ್ಷೆ ಐದು ನಿಮಿಷಕ್ಕೆ ಬರುವುದಿಲ್ಲ, ಮೂರು ತಿಂಗಳಿಗೆ ಬರುತ್ತದೆ.

ಅಂದಹಾಗೆ ಇದೇ ಪ್ರಯೋಗ ನಿಮ್ಮ ಕೋರ್ಸಿನ ನೆನಪು-ಮರೆವಿನ ಘಟಕದಲ್ಲೂ ಬರಬಹುದು. ಓದುತ್ತಿರುವ ವಿಷಯವನ್ನು ಓದುವ ಕ್ರಮಕ್ಕೇ ಹಚ್ಚಿಕೊಳ್ಳುವ ಸೌಕರ್ಯ ರಸಾಯನಶಾಸ್ತ್ರ ಓದುವವರಿಗೆ ಇಲ್ಲ.

## ಹಂತ 6: ಗೊಂದಲದ ಜೋಡಿಗಳನ್ನು ಬಿಡಿಸಿಕೊಳ್ಳಿ

ಪ್ರಶ್ನೆ ತೆಗೆಯುವವರು ಹೆಚ್ಚಾಗಿ ಕೈಹಾಕುವುದು ಒಂದರಂತೆ ಇನ್ನೊಂದು ಕಾಣುವ ಪದಗಳಿಗೆ. ವ್ಯಾಖ್ಯೆ ಬಾಯಿಪಾಠ ಮಾಡಿದವರು ಇಲ್ಲಿ ಜಾರುತ್ತಾರೆ. ಒಂದೊಂದು ಜೋಡಿಗೂ ನಿಮ್ಮದೇ ಶಾಲೆ ಅಥವಾ ಮನೆಯ ಒಂದು ಉದಾಹರಣೆ ಕಟ್ಟಿಕೊಳ್ಳಿ.

ಋಣಾತ್ಮಕ ಪುನರ್ಬಲನ ಮತ್ತು ಶಿಕ್ಷೆ. ಎಲ್ಲಕ್ಕಿಂತ ಜಾಸ್ತಿ ತಪ್ಪಾಗುವುದು ಇದೇ. ಋಣಾತ್ಮಕ ಎಂದ ಕೂಡಲೇ ಬೈಗುಳ, ಬೆತ್ತ ಎಂದುಕೊಳ್ಳುತ್ತಾರೆ. ವರ್ತನೆಯನ್ನು ಅಧ್ಯಯನ ಮಾಡಿದ ಮನೋವಿಜ್ಞಾನಿ ಸ್ಕಿನ್ನರ್ ಲೆಕ್ಕದಲ್ಲಿ ಧನ ಎಂದರೆ ಏನನ್ನೋ ಸೇರಿಸುವುದು, ಋಣ ಎಂದರೆ ಏನನ್ನೋ ತೆಗೆಯುವುದು, ಅಷ್ಟೇ. ಒಳ್ಳೆಯದು ಕೆಟ್ಟದ್ದು ಎಂಬ ಮಾತೇ ಇಲ್ಲ. ಎರಡು ಪ್ರಶ್ನೆ ಕೇಳಿಕೊಳ್ಳಿ. ಏನಾದರೂ ಸೇರಿತೇ, ಹೋಯಿತೇ? ವರ್ತನೆ ಹೆಚ್ಚಿತೇ, ಕಡಿಮೆಯಾಯಿತೇ? ಹೆಚ್ಚಿದರೆ ಪುನರ್ಬಲನ, ಕಡಿಮೆಯಾದರೆ ಶಿಕ್ಷೆ.

"ಹೋಂವರ್ಕ್ ಪೂರ್ತಿ ಮಾಡಿದವರಿಗೆ ಸಂಜೆಯ ಸ್ಪೆಷಲ್ ಕ್ಲಾಸ್ ಇಲ್ಲ" ಎಂದಿರಿ. ಬೇಡವಾದದ್ದೊಂದು ಹೋಯಿತು, ಹೋಂವರ್ಕ್ ಹೆಚ್ಚಿತು. ಇದು ಋಣಾತ್ಮಕ ಪುನರ್ಬಲನ. ಗಲಾಟೆ ಮಾಡಿದವರ ಆಟದ ಪೀರಿಯಡ್ ಕಿತ್ತುಕೊಂಡಿರಿ, ಗಲಾಟೆ ಕಡಿಮೆಯಾಯಿತು. ಬೇಕಾದದ್ದು ಹೋಯಿತು, ವರ್ತನೆ ಇಳಿಯಿತು. ಇದು ಋಣಾತ್ಮಕ ಶಿಕ್ಷೆ. ಬೆಂಚಿನ ಮೇಲೆ ನಿಲ್ಲಿಸಿದ್ದರಿಂದ ಗಲಾಟೆ ನಿಂತರೆ ಅದು ಧನಾತ್ಮಕ ಶಿಕ್ಷೆ. ಹೆಸರು ಹಾಗಿದೆ ಎಂದು ಮಾಡಲು ಹೋಗಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ.

ಇನ್ನೊಂದು ಸ್ವಾರಸ್ಯ. ಗಣಿತದ ಕ್ಲಾಸಿನಲ್ಲಿ ತಂಟೆ ಮಾಡಿದ ಹುಡುಗನನ್ನು ಹೊರಗೆ ಕಳಿಸುತ್ತೀರಿ. ಅವನಿಗೆ ಬೇಕಿದ್ದದ್ದೇ ಅದು. ನಾಳೆ ಇನ್ನೂ ಬೇಗ ತಂಟೆ ಶುರು. ನೀವು ಶಿಕ್ಷೆ ಎಂದುಕೊಂಡದ್ದು ಅವನಿಗೆ ಪುನರ್ಬಲನ ಆಯಿತು. ಹೆಸರನ್ನು ತೀರ್ಮಾನಿಸುವುದು ಕೊಡುವವರ ಉದ್ದೇಶವಲ್ಲ, ಆಮೇಲೆ ವರ್ತನೆಗೆ ಏನಾಯಿತು ಅನ್ನುವುದು. ಇದೊಂದು ಗಟ್ಟಿಯಾದರೆ ಈ ಘಟಕದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ನಿಮ್ಮದು.

ಪಾವ್ಲೋವ್ (ನಾಯಿಗಳ ಮೇಲೆ ಪ್ರಯೋಗ ಮಾಡಿದ ವಿಜ್ಞಾನಿ) ಮತ್ತು ಸ್ಕಿನ್ನರ್. ಮಧ್ಯಾಹ್ನದ ಊಟದ ಗಂಟೆ ಹೊಡೆದ ಕೂಡಲೇ ಬಾಯಲ್ಲಿ ನೀರೂರುತ್ತದೆ. ಮಗು ಬೇಕೆಂದು ಮಾಡಿದ್ದಲ್ಲ, ತಾನಾಗಿ ಆಗಿದ್ದು. ಇದು ಪಾವ್ಲೋವ್. ಕೈ ಎತ್ತಿ ಉತ್ತರ ಹೇಳಿದಾಗ "ಭೇಷ್" ಎಂದಿರಿ, ನಾಳೆಯೂ ಕೈ ಎತ್ತುತ್ತದೆ. ಇದು ಸ್ಕಿನ್ನರ್.

ಅಸಿಮಿಲೇಷನ್ ಮತ್ತು ಅಕಾಮಡೇಷನ್. ಪಿಯಾಜೆ ಎಂಬ ಮನೋವಿಜ್ಞಾನಿಯ ಪದಗಳಿವು. ಹಸುವನ್ನು ಮಾತ್ರ ನೋಡಿದ್ದ ಮಗು ಎಮ್ಮೆ ಕಂಡು "ಕಪ್ಪು ಹಸು" ಎನ್ನುತ್ತದೆ. ಹೊಸದನ್ನು ಹಳೆಯ ಗೂಡಿಗೇ ಸೇರಿಸಿತು. ಇದು ಮೊದಲನೆಯದು. "ಇದು ಹಸು ಅಲ್ಲ ಪುಟ್ಟಾ, ಎಮ್ಮೆ" ಎಂದು ತಿಳಿದ ಮೇಲೆ ತಲೆಯಲ್ಲಿ ಹೊಸ ಗೂಡು ಕಟ್ಟಿಕೊಳ್ಳುತ್ತದೆ. ಇದು ಎರಡನೆಯದು.

ಪಿಯಾಜೆ ಮತ್ತು ವೈಗೋಟ್ಸ್ಕಿ. ಮಗುವಿನ ಯೋಚನೆ ಹೇಗೆ ಬೆಳೆಯುತ್ತದೆ ಎಂದು ಅಧ್ಯಯನ ಮಾಡಿದ ಇಬ್ಬರೂ ಹುಟ್ಟಿದ್ದು 1896ರಲ್ಲಿ, ಆದರೆ ಹೇಳಿದ್ದು ಬೇರೆ. ಮಗು ತಯಾರಾದ ಮೇಲೆ ಕಲಿಕೆ ಎಂದವರು ಪಿಯಾಜೆ. ಕಲಿಕೆಯೇ ಬೆಳವಣಿಗೆಯನ್ನು ಮುಂದಕ್ಕೆ ಎಳೆಯುತ್ತದೆ ಎಂದವರು ವೈಗೋಟ್ಸ್ಕಿ. ಲೆಕ್ಕ ಮಾಡುವಾಗ ಮಗು ತನ್ನಷ್ಟಕ್ಕೆ ಗುಣುಗುಡುತ್ತದಲ್ಲ, ಪಿಯಾಜೆಗೆ ಅದು ಬೇರೆಯವರ ಕಡೆಯಿಂದ ನೋಡಲಾರದ ವಯಸ್ಸಿನ ಮಾತು, ವೈಗೋಟ್ಸ್ಕಿಗೆ ಮಗು ತನ್ನನ್ನು ತಾನೇ ನಡೆಸಿಕೊಳ್ಳುವ ಉಪಾಯ.

ಇಲ್ಲೊಂದು ಬಲೆ ಇದೆ. ಸ್ಕ್ಯಾಫೋಲ್ಡಿಂಗ್ (ಕಲಿಯುವ ಮಗುವಿಗೆ ಕೊಟ್ಟು ಮೆಲ್ಲಗೆ ಹಿಂತೆಗೆಯುವ ನೆರವು) ಎಂಬ ಪದ ವೈಗೋಟ್ಸ್ಕಿಯದ್ದಲ್ಲ. 1976ರಲ್ಲಿ ವುಡ್, ಬ್ರೂನರ್, ರಾಸ್ ಮೂವರು ಬಳಸಿದ್ದು. ಮನೆ ಕಟ್ಟುವಾಗ ಹಾಕುವ ಸಾರುವೆಯೇ ಅದು. ಗಾರೆ ಕೆಲಸ ಮುಗಿಯುತ್ತಾ ಬಂದ ಹಾಗೆ ಬಿಚ್ಚುತ್ತಾ ಹೋಗಬೇಕು. ಕೊನೆತನಕ ಬಿಟ್ಟರೆ ಅದು ನೆರವಲ್ಲ. ಇದನ್ನು ಕಣ್ಣಾರೆ ನೋಡಬೇಕೇ? ಹತ್ತಿರದ ಸರ್ಕಾರಿ ಶಾಲೆಯ ನಲಿಕಲಿ ತರಗತಿಗೆ ಹೋಗಿ. 1990ರ ದಶಕದಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಪದ್ಧತಿ ಅದು. ಒಂದು ಗುಂಪಿಗೆ ಶಿಕ್ಷಕರ ಪೂರ್ತಿ ನೆರವು, ಇನ್ನೊಂದಕ್ಕೆ ಅರ್ಧ, ಮತ್ತೊಂದಕ್ಕೆ ಗೆಳೆಯರ ನೆರವು, ಕೊನೆಗೆ ಸ್ವಂತ ಕಲಿಕೆ. ಸಾರುವೆ ಬಿಚ್ಚುವುದು ಅಲ್ಲಿ ಕಾಣುತ್ತದೆ.

ಪ್ರೊಆಕ್ಟಿವ್, ರೆಟ್ರೋಆಕ್ಟಿವ್ ಮರೆವಿಗೆ ಎಟಿಎಂ ಪಿನ್ ನೆನಪಿಟ್ಟುಕೊಳ್ಳಿ. ಹೊಸ ಪಿನ್ ಒತ್ತಲು ಹೋದಾಗ ಹಳೆಯದು ಅಡ್ಡ ಬಂದರೆ ಮೊದಲನೆಯದು. ಹೊಸದು ರೂಢಿಯಾಗಿ ಹಳೆಯದು ಮರೆತರೆ ಎರಡನೆಯದು.

ಇನ್ನು ಕಣ್ಣಿನಿಂದ ಕಲಿಯುವವರು, ಕಿವಿಯಿಂದ ಕಲಿಯುವವರು ಎಂಬ ವಿಂಗಡಣೆ. ಕೆಲವು ಕೋರ್ಸ್‌ಗಳಲ್ಲಿ ಈಗಲೂ ಇದೆ. ಮಕ್ಕಳನ್ನು ಹಾಗೆ ಬೇರ್ಪಡಿಸಿ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲ ಎಂದು 2008ರಲ್ಲಿ ಪ್ಯಾಶ್ಲರ್ ಮತ್ತು ಜೊತೆಗಾರರು ತೋರಿಸಿದರು. ಪರೀಕ್ಷೆಯಲ್ಲಿ ಕೇಳಿದರೆ ಸ್ಲೈಡಿನಲ್ಲಿದ್ದ ಉತ್ತರ ಗುರುತಿಸಿ ಬನ್ನಿ. ತರಗತಿಗೆ ಮಾತ್ರ ಹೊತ್ತುಕೊಂಡು ಹೋಗಬೇಡಿ.

## ಹಂತ 7: ಒಂದು ಮಗುವಿನ ಮುಂದೆ ಕೂತು ನೋಡಿ

ಬಹಳ ಜನ ಹಾರಿಸುವ ಹಂತ ಇದು, ಅಸೈನ್‌ಮೆಂಟ್‌ನಲ್ಲಿ ಕೇಳುವುದಿಲ್ಲವಲ್ಲ. ಮಗುವಿನ ಯೋಚನೆ ಬೆಳೆಯುವ ಪಿಯಾಜೆಯ ನಾಲ್ಕು ಹಂತಗಳನ್ನು ವಯಸ್ಸಿನ ಸಮೇತ ಉರು ಹೊಡೆದವರು 2ರಿಂದ 7, 7ರಿಂದ 11 ಎಂದು ಒಪ್ಪಿಸುತ್ತಾರೆ. ಸನ್ನಿವೇಶ ಕೊಟ್ಟು ಕೇಳಿದರೆ ತಡವರಿಸುತ್ತಾರೆ.

ಬೇಕಾಗುವುದು ಒಂದೇ ಅಳತೆಯ ಎರಡು ಸ್ಟೀಲ್ ಲೋಟ, ಒಂದು ಉದ್ದನೆಯ ಸಪೂರ ಗ್ಲಾಸ್, ಸ್ವಲ್ಪ ಮಜ್ಜಿಗೆ. ಸುಮಾರು ಐದು ವರ್ಷದ ಒಂದು ಮಗು, ಎಂಟು ವರ್ಷದ ಇನ್ನೊಂದು. ಇಬ್ಬರನ್ನೂ ಬೇರೆ ಬೇರೆ ಕೂರಿಸಿ. ಒಬ್ಬರದ್ದು ಕೇಳಿ ಇನ್ನೊಬ್ಬರು ಹೇಳಬಾರದು.

ನಾನು ಮಾಡಿದ್ದು ತಂಗಿಯ ಮಗಳ ಜೊತೆ. ಎರಡೂ ಲೋಟಕ್ಕೆ ಸಮ ಮಜ್ಜಿಗೆ ಹಾಕಿ "ಎರಡರಲ್ಲೂ ಒಂದೇ ಇದೆಯಾ?" ಎಂದೆ. ಬಗ್ಗಿ, ಕಣ್ಣು ಮಟ್ಟಕ್ಕೆ ಇಟ್ಟು ನೋಡಿ, "ಹೂಂ ದೊಡ್ಡಮ್ಮ" ಎಂದಳು. ಅವಳೆದುರೇ ಒಂದು ಲೋಟದ್ದನ್ನು ಉದ್ದನೆ ಗ್ಲಾಸಿಗೆ ಸುರಿದೆ. "ಈಗ?" ತಟಕ್ಕನೆ ಗ್ಲಾಸ್ ಹಿಡಿದುಕೊಂಡಳು. "ಇದ್ರಲ್ಲೇ ಜಾಸ್ತಿ. ಇದು ನಂಗೆ." ಯಾಕೆ ಎಂದರೆ ಬೆರಳಿನಿಂದ ಎತ್ತರ ತೋರಿಸಿದಳು. ಪಕ್ಕದ ಮನೆಯ ಎಂಟು ವರ್ಷದ ಹುಡುಗ ಅದೇ ಪ್ರಶ್ನೆಗೆ ನನ್ನನ್ನು ಪಾಪ ಅನ್ನುವ ಹಾಗೆ ನೋಡಿದ. "ವಾಪಸ್ ಸುರಿದ್ರೆ ಅಷ್ಟೇ ಇರತ್ತೆ ಆಂಟಿ."

ಬೆರಳು ಎತ್ತರವನ್ನು ಮಾತ್ರ ತೋರಿಸಿತು, ಅಗಲ ಕಾಣಲಿಲ್ಲ. ಅದು ಕೇಂದ್ರೀಕರಣ, ಅಂದರೆ ಸೆಂಟ್ರೇಷನ್. ಹುಡುಗ ಹೇಳಿದ "ವಾಪಸ್ ಸುರಿದ್ರೆ" ಅನ್ನುವುದು ರಿವರ್ಸಿಬಿಲಿಟಿ. ಈ ಎರಡು ಪದಗಳಿಗೆ ಆಮೇಲೆ ನಾನು ಕಾರ್ಡ್ ಮಾಡಲೇ ಇಲ್ಲ.

ಎಲ್ಲರೂ ಮಾಡುವ ತಪ್ಪು: ಮಗು "ತಪ್ಪು" ಹೇಳಿದ ಕೂಡಲೇ ತಿದ್ದುವುದು. ತಿದ್ದಬೇಡಿ. "ಸರಿಯಾಗಿ ನೋಡು" ಎಂದೂ ಹೇಳಬೇಡಿ. ಎರಡು ಸಲ ಕೇಳಿದರೆ ತನ್ನ ಉತ್ತರ ತಪ್ಪಿರಬೇಕು ಎಂದುಕೊಂಡು ಬದಲಿಸುವ ಮಕ್ಕಳಿದ್ದಾರೆ. "ಯಾಕೆ ಹಾಗನಿಸ್ತು?" ಇಷ್ಟು ಕೇಳಿ, ಉತ್ತರವನ್ನು ಮಗುವಿನ ಮಾತಿನಲ್ಲೇ ಬರೆದುಕೊಳ್ಳಿ. ಮಗುವಿನ ಅಪ್ಪ ಅಮ್ಮನಿಗೆ ಮೊದಲೇ ಹೇಳಿ. ವಿಡಿಯೋ ಮಾಡಿ ಸ್ಟೇಟಸ್‌ಗೆ ಹಾಕಬೇಡಿ.

## ಹಂತ 8: ಅಸೈನ್‌ಮೆಂಟ್

ಎನ್‌ಪಿಟಿಇಎಲ್‌ನ 12 ವಾರದ ಕೋರ್ಸಿನಲ್ಲಿ ಅತ್ಯುತ್ತಮ 8 ಅಸೈನ್‌ಮೆಂಟ್‌ಗಳ ಸರಾಸರಿ ತೆಗೆಯುತ್ತಾರೆ. ನಾಲ್ಕು ಬಿಟ್ಟರೂ ಪರವಾಗಿಲ್ಲ ಎಂದು ಮೊದಲ ನಾಲ್ಕನ್ನೇ ಬಿಡುವವರಿದ್ದಾರೆ. ಆ ರಿಯಾಯಿತಿಯನ್ನು ಜ್ವರಕ್ಕೆ, ಚುನಾವಣಾ ಡ್ಯೂಟಿಗೆ, ಕರೆಂಟ್ ಹೋದ ದಿನಕ್ಕೆ ಉಳಿಸಿಕೊಳ್ಳಿ.

ಕೊನೆಯ ದಿನ ರಾತ್ರಿ 11:59ರವರೆಗೆ ಸಮಯ ಇರುತ್ತದೆ. ನಿಮ್ಮ ಗಡುವು ಅದರ ಹಿಂದಿನ ದಿನ ಸಂಜೆ ಎಂದು ಇಟ್ಟುಕೊಳ್ಳಿ. ಸಲ್ಲಿಸಿದ ಮೇಲೆ ಪರದೆಯ ಸ್ಕ್ರೀನ್‌ಶಾಟ್ ತೆಗೆದಿಡಿ.

ಉತ್ತರಗಳನ್ನು ಟೆಲಿಗ್ರಾಂ ಗುಂಪಿನಿಂದ ನಕಲು ಮಾಡುವುದು ಈಗ ಮಾಮೂಲಿ. ನೀತಿಪಾಠ ಬೇಡ, ಲೆಕ್ಕ ನೋಡಿ. ಎನ್‌ಪಿಟಿಇಎಲ್‌ನಲ್ಲಿ ಪಾಸಾಗಲು ಅಸೈನ್‌ಮೆಂಟ್‌ನಲ್ಲಿ 25ಕ್ಕೆ 10, ಪರೀಕ್ಷೆಯಲ್ಲಿ 75ಕ್ಕೆ 30, ಎರಡೂ ಬೇರೆ ಬೇರೆಯಾಗಿ ಬರಬೇಕು. ನಕಲು ಮಾಡಿ 25ಕ್ಕೆ 25 ತೆಗೆದು, ಪರೀಕ್ಷೆಯಲ್ಲಿ 28 ಬಂದರೆ ಒಟ್ಟು 53. ಆದರೂ ಸರ್ಟಿಫಿಕೇಟ್ ಇಲ್ಲ.

ತಪ್ಪಾದ ಪ್ರಶ್ನೆಯನ್ನು ಆ ದಿನವೇ ಕಾರ್ಡ್ ಮಾಡಿ. "ಓ, ಇದಾ" ಎಂದು ಮುಂದೆ ಹೋದರೆ ಪರೀಕ್ಷೆಯಲ್ಲೂ "ಓ, ಇದಾ" ಎಂದೇ ಹೊರಬರುತ್ತೀರಿ.

## ಹಾದಿ ತಪ್ಪುತ್ತಿದೆ ಎಂದು ತಿಳಿಯುವುದು ಹೇಗೆ

ನನಗೆ ಗೊತ್ತಿರುವವರಲ್ಲಿ ಹೆಚ್ಚಿನವರು ಬಿಟ್ಟುಬಿಡುವುದು ನಾಲ್ಕರಿಂದ ಆರನೆಯ ವಾರದೊಳಗೆ. ನಾನು ಕಂಡ ಹಾಗೆ ಮುನ್ಸೂಚನೆ ಇವು:

- ವಿಡಿಯೋ 1.75 ವೇಗದಲ್ಲಿ ಓಡುತ್ತಿದೆ, ಕೈಯಲ್ಲಿ ಸೊಪ್ಪು ಬಿಡಿಸುತ್ತಿದ್ದೀರಿ.
- ಮೊದಲ ಬಾಕ್ಸ್‌ನಲ್ಲಿ ಕಾರ್ಡ್ ತುಂಬಿದೆ, ಮೂರನೆಯದು ಇನ್ನೂ ಖಾಲಿ.
- ಎರಡು ವಾರದಿಂದ ಕೆಂಪು ಪೆನ್ನು ಮುಟ್ಟಿಲ್ಲ. ಎಲ್ಲಾ ನೆನಪಿದೆ ಎಂದಲ್ಲ, ಪರೀಕ್ಷಿಸಿಕೊಂಡೇ ಇಲ್ಲ ಎಂದು ಅರ್ಥ.
- ಒಂದು ಸಿದ್ಧಾಂತವನ್ನು ಮನೆಯವರಿಗೆ ಕನ್ನಡದಲ್ಲಿ ಹೇಳಲು ಹೋದರೆ ಎರಡನೆಯ ವಾಕ್ಯಕ್ಕೇ ಇಂಗ್ಲಿಷ್ ಸ್ಲೈಡ್ ಒಪ್ಪಿಸುತ್ತೀರಿ.

ಎರಡು ವಾರ ಹಿಂದೆ ಬಿದ್ದಿದ್ದರೆ ಹಳೆಯದನ್ನು ಮುಗಿಸಿಯೇ ಮುಂದೆ ಹೋಗುತ್ತೇನೆ ಎಂದು ಹಟ ಹಿಡಿಯಬೇಡಿ. ಈ ವಾರದ್ದನ್ನು ಮೊದಲು ಮಾಡಿ ಅಸೈನ್‌ಮೆಂಟ್ ಹಾಕಿ. ಹಳೆಯದು ಆರನೆಯ ದಿನಕ್ಕೆ. ಹಳೆಯ ಅಸೈನ್‌ಮೆಂಟ್ ಬಾಗಿಲು ಮುಚ್ಚಿಯಾಗಿದೆ, ಈಗಿನದ್ದೂ ಮುಚ್ಚುವುದು ಬೇಡ.

## ಹಂತ 9: ಕೊನೆಯ ಮೂರು ವಾರ ಮತ್ತು ಪರೀಕ್ಷೆಯ ದಿನ

ಹೊಸ ವಿಡಿಯೋ ನಿಲ್ಲಿಸಿ. ಮೊದಲ ವಾರ ಎಲ್ಲ ಅಸೈನ್‌ಮೆಂಟ್‌ಗಳನ್ನೂ ಉತ್ತರ ಮುಚ್ಚಿಕೊಂಡು ಮತ್ತೆ ಮಾಡಿ. ಘಟಕಗಳನ್ನು ಬೆರೆಸಿ ಮಾಡಿ: ಪಿಯಾಜೆ ಒಂದು, ಮರೆವು ಒಂದು, ಸ್ಕಿನ್ನರ್ ಒಂದು. ಒಂದೇ ಘಟಕದ ಹತ್ತು ಪ್ರಶ್ನೆ ಸಾಲಾಗಿ ಮಾಡಿದರೆ ಉತ್ತರ ಯಾವ ಘಟಕದ್ದೆಂದು ಮೊದಲೇ ಗೊತ್ತಿರುತ್ತದೆ. ಪರೀಕ್ಷೆಯಲ್ಲಿ ಆ ಸುಳಿವು ಸಿಗುವುದಿಲ್ಲ. ಎರಡನೆಯ ವಾರ ಕೆಂಪು ಸಾಲುಗಳು ಮತ್ತು ಪದಗಳ ಪಟ್ಟಿ. ಮೂರನೆಯ ವಾರ ಗಡಿಯಾರ ಇಟ್ಟುಕೊಂಡು ಎರಡು ಪೂರ್ಣ ಅಣಕು ಪರೀಕ್ಷೆ.

ಹಾಲ್ ಟಿಕೆಟ್ ಬಂದ ದಿನವೇ ಮುದ್ರಿಸಿ. ಹೆಸರು, ಫೋಟೋ, ಪಾಳಿ, ವಿಳಾಸ ನೋಡಿ. ಬೆಳಗಿನ ಪಾಳಿಯೋ ಮಧ್ಯಾಹ್ನದ್ದೋ ಎಂದು ಎರಡು ಸಲ ನೋಡಿ. ಮೂಲ ಗುರುತಿನ ಚೀಟಿ ಜೊತೆಗಿರಲಿ, ಜೆರಾಕ್ಸ್ ನಡೆಯುವುದಿಲ್ಲ.

ಪ್ರಶ್ನೆಯಲ್ಲಿ ಮಗುವಿನ ವಯಸ್ಸು ಕೊಟ್ಟಿದ್ದರೆ ಅದನ್ನು ಮೊದಲು ಓದಿ, ಅದು ಸುಮ್ಮನೆ ಬಂದಿರುವುದಿಲ್ಲ. "ಇವುಗಳಲ್ಲಿ ಯಾವುದು ಅಲ್ಲ" ಎಂಬ ಪ್ರಶ್ನೆಯ "ಅಲ್ಲ" ಮೇಲೆ ಬೆರಳಿಟ್ಟು ಆಮೇಲೆ ಆಯ್ಕೆ ನೋಡಿ.

## ಹಂತ 10: ಫಲಿತಾಂಶ ಬಂದ ಮೇಲೆ

ಇ-ಸರ್ಟಿಫಿಕೇಟ್ ಇಳಿಸಿಕೊಂಡು ಹೆಸರಿನ ಅಕ್ಷರ ನೋಡಿ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ತೆರೆಯುತ್ತದೆಯೇ ಪರೀಕ್ಷಿಸಿ. ಕ್ರೆಡಿಟ್ ನಿಮ್ಮ ಖಾತೆಗೆ ಬಂದಿದೆಯೇ ಎಂದು ಅಕಾಡೆಮಿಕ್ ಬ್ಯಾಂಕ್‌ನಲ್ಲಿ ನೋಡಿ. ಆಮೇಲೆ ಎರಡು ಪ್ರತಿ ಮುದ್ರಿಸಿ, 1ನೇ ಹಂತದಲ್ಲಿ ಪಡೆದ ಒಪ್ಪಿಗೆ ಪತ್ರದ ಜೊತೆ ಕಾಲೇಜಿನ ಪರೀಕ್ಷಾ ವಿಭಾಗಕ್ಕೆ ಕೊಡಿ. ಒಂದು ಪ್ರತಿಯ ಮೇಲೆ ತಾರೀಕು ಸಮೇತ ಸ್ವೀಕೃತಿ ಸೀಲ್ ಹಾಕಿಸಿಕೊಂಡೇ ಅಲ್ಲಿಂದ ಹೊರಡಿ. "ಇಟ್ಟು ಹೋಗಮ್ಮ, ಸಾಹೇಬ್ರು ಬಂದ ಮೇಲೆ ಹಾಕ್ತೀವಿ" ಎಂದರೆ ಅಲ್ಲೇ ಬೆಂಚಿನ ಮೇಲೆ ಕೂತು ಕಾಯಿರಿ.